ಹನ್ನೆರಡು ಸುತ್ತು

ಅಂದು ಸೋಮವಾರ, ಬೆಳಿಗ್ಗೆ ಆರು ಗಂಟೆ. ಕಾಲುವೆಯ ಗೇಟಿನ ಬಳಿ ಇದ್ದವನು ನಾನೊಬ್ಬನೇ. ಬಸಣ್ಣನ ಹೊಲಕ್ಕೆ ನೀರಿನ ಪಾಳಿ. ಚಕ್ರ ತಿರುಗಿಸಿ ಹನ್ನೆರಡು ಸುತ್ತು ಎತ್ತಬೇಕಿದ್ದ ಗೇಟನ್ನು ಎಂಟಕ್ಕೆ ನಿಲ್ಲಿಸಿದೆ. ನನ್ನ ನೋಟ್‌ಬುಕ್ಕಿನಲ್ಲಿ ಹನ್ನೆರಡು ಎಂದು ಬರೆದೆ. ಮುಂದಿನ ಎರಡು ಪಾಳಿಗಳಲ್ಲೂ ಹಾಗೆಯೇ. ಕೈತಪ್ಪಿ ಆದದ್ದಲ್ಲ — ಎಣಿಸಿಯೇ ಮಾಡಿದೆ.

ಕಾರಣ ಒಂದು ಬೀಡಿ. ಶಹಾಪುರದ ಹತ್ತಿ ಮಿಲ್ಲಿನಲ್ಲಿ ನಾವಿಬ್ಬರೂ ಜೊತೆಗೆ ದುಡಿದವರು. ಅಲ್ಲಿ ಬೀಡಿ ಸೇದಿದವನ ಕೆಲಸ ಅದೇ ದಿನ ಹೋಗುತ್ತಿತ್ತು. ಒಮ್ಮೆ ಹತ್ತಿಯ ರಾಶಿ ಪಕ್ಕ ಅರ್ಧ ಸೇದಿದ ಬೀಡಿ ಸಿಕ್ಕಿತು. ಬಸಣ್ಣನದು. ಆತ ನನ್ನತ್ತ ಕೈ ಮಾಡಿದ: “ಇಂವಂದರಿ, ಸಾಹೇಬ್ರ.” ಬೀಡಿಯನ್ನೇ ಮುಟ್ಟದ ನಾನು ಮಿಲ್ಲಿನ ಮಧ್ಯಾಹ್ನದ ಭೋಂಗಾ ಕೂಗುವ ಮೊದಲೇ ಬೀದಿಯಲ್ಲಿದ್ದೆ.

ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು, ಯಾದಗಿರಿಯಲ್ಲೂ. ನನ್ನ ಸಿಟ್ಟನ್ನು ಮಾತ್ರ ದಿನವೂ ಒರೆಸಿ ಇಟ್ಟುಕೊಂಡೆ. ಪಾಳುಬಿದ್ದ ಮಿಲ್ಲಿನ ಗೋಡೆ ಬದಿಗೆ ಹರಿಯುವ ಈ ಸಣ್ಣ ಕಾಲುವೆಗೆ ಗೇಟ್ ಕಾಯುವವನಾದೆ. ಕಾಲುವೆಯ ಕಟ್ಟಕಡೆಯ ಹೊಲ ಬಸಣ್ಣನದು. ಅವನ ಭತ್ತ ತೆನೆ ಒಡೆಯುವವರೆಗೆ ಕಾದೆ.

ತೆನೆ ಜೊಳ್ಳಾಯಿತು. ನೋಡಿ ಬಂದು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಆದರೆ ಬಸಣ್ಣ ಹಿಡಿದದ್ದು ಸಾಯಬಣ್ಣನ ಕೊರಳಪಟ್ಟಿ. ಸಾಯಬಣ್ಣ ಮೇಲಿನ ಹೊಲದವನು; ಅವನ ಮಗನಿಗೆ ಬಸಣ್ಣನ ಮಗಳನ್ನು ಕೊಡುವುದೆಂದು ಗೊತ್ತಾಗಿತ್ತು. ಇಬ್ಬರೂ ಜಗಳಾಡುತ್ತ ಗೇಟಿಗೇ ಬಂದರು.

“ನನ್ನ ಪಾಳಿ ನೀರು ಒಡಕೊಂಡು ಮೀಸಿ ಬ್ಯಾರೆ ತಿರವ್ತೀಯಲ್ಲೋ!”

“ನಾ ಕಳ್ಳೇನೋ, ಬೀಗಾ? ಈ ಗೇಟಿನಂವನ್ನ ಕೇಳು, ಎಷ್ಟು ಬಿಟ್ಟಾನಂತ.”

ಅದೊಂದು ಗಳಿಗೆ ನನಗಿತ್ತು — ಬಾಯಿ ಬಿಡಬಹುದಿತ್ತು — ನೋಟ್‌ಬುಕ್ ಬಿಚ್ಚಿದೆ.

“ಹನ್ನೆರಡು ಸುತ್ತು. ಬರದದ, ನೋಡ್ರಿ.”

“ಇಂವನ ಬರಹ ಸುಳ್ಳಾಗಂಗಿಲ್ಲ,” ಎಂದ ಬಸಣ್ಣ. ಬೀಡಿಯ ಬಸಣ್ಣ! “ನೀರು ಕದ್ದ ಮನಿಗಿ ಮಗಳ್ನ ಕೊಡಂಗಿಲ್ಲ, ಹೋಗು.”

ಸಾಯಬಣ್ಣ ನನ್ನನ್ನೇ ನೋಡುತ್ತಿದ್ದ. ಮಿಲ್ಲಿನ ಬಾಗಿಲಲ್ಲಿ ಅಂದು ನನಗಿದ್ದದ್ದು ಅದೇ ಮುಖ. ಗುರುತು ಹಿಡಿದೂ ನೋಟ್‌ಬುಕ್ ಮುಚ್ಚಿದೆ. ಹುಡುಗಿಯನ್ನು ವಡಗೇರಾದ ಬೇರೆ ಮನೆಗೆ ಕೊಟ್ಟರು. ಸಾಯಬಣ್ಣನಿಗೆ ಊರಲ್ಲಿ ‘ನೀರುಗಳ್ಳ’ ಎಂಬ ಹೆಸರು ಉಳಿಯಿತು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಮಿಲ್ಲಿನ ಬೀಡಿ ನೆನಪಾಗುತ್ತಿತ್ತು.

ಇಂದು ಸಂಜೆ ಐದಕ್ಕೆ ಸಾಯಬಣ್ಣನನ್ನು ಕರೆದುಕೊಂಡು ಬಸಣ್ಣನ ಮನೆಯ ಕಟ್ಟೆಗೆ ಹೋದೆ. ಓಣಿಯವರೆಲ್ಲ ಕೇಳುವಂತೆ ಹೇಳಿದೆ — ಎಂಟು ಸುತ್ತು, ಮೂರು ಸಲ. ಬಸಣ್ಣ ತಲೆ ತಗ್ಗಿಸಿ, “ಆ ಬೀಡಿ ನಂದ ಇತ್ತು” ಎಂದ. ಅವನನ್ನು ನಾನು ಕ್ಷಮಿಸಲಿಲ್ಲ. ಆಗಲೂ ಇಲ್ಲ, ಈಗಲೂ ಇಲ್ಲ. ಸಾಯಬಣ್ಣ ನಮ್ಮಿಬ್ಬರ ಮುಖವನ್ನೂ ನೋಡದೆ ಎದ್ದು ನಡೆದ. ಅವನನ್ನು ತಡೆದು ಕ್ಷಮೆ ಕೇಳುವ ಹಕ್ಕು ನನಗಿರಲಿಲ್ಲ.

ಮನೆಗೆ ಬಂದು ಹಳೆಯ ನೋಟ್‌ಬುಕ್ ತೆಗೆದೆ. ಮೂರು ಕಡೆ ಹನ್ನೆರಡನ್ನು ಹೊಡೆದುಹಾಕಿ, ಎಂಟು ಎಂದು ಬರೆದು, ಕೆಳಗೆ ಸಹಿ ಮಾಡಿದೆ.