ಕಾಫಿ ಬಿಟ್ಟವರು

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕಾಫಿ ಬಿಟ್ಟರೆ ಹೆತ್ತೂರಿನ ಕಡೆ ಅದೇ ಒಂದು ಸುದ್ದಿ. ನನ್ನ ಗಂಡ ಬಿಟ್ಟಾಗ ಗ್ಯಾಸ್ಟ್ರಿಕ್ ಇರಬೇಕು ಎಂದುಕೊಂಡೆ. ಬೀರುವಿನಲ್ಲಿ ಪಂಚೆಗಳ ಕೆಳಗೆ ಲೇಹದ ಡಬ್ಬಿ ಸಿಕ್ಕಾಗ ನಿಜ ತಿಳಿಯಿತು.

ಅದಕ್ಕೂ ಒಂದು ವರ್ಷ ಮೊದಲಿನಿಂದ ಅವರು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಅವರಿಗೆ ನಿಮಿರುವುದು ನಿಂತುಹೋಗಿತ್ತು. ಹೀಗೆ ನೇರವಾಗಿ ಬರೆಯಲು ನನಗೀಗ ನಾಚಿಕೆಯಿಲ್ಲ. ನಾಚಿಕೆ ಏನು ಮಾಡುತ್ತದೆಂದು ನೋಡಿಯಾಗಿದೆ.

ಸಕಲೇಶಪುರದ ಒಂದು ಲಾಡ್ಜಿಗೆ ತಿಂಗಳಿಗೊಮ್ಮೆ ಒಬ್ಬ ಪಂಡಿತ ಬರುತ್ತಿದ್ದ. ನಾಡಿ ಹಿಡಿದು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: ಮೈಯಲ್ಲಿ ಉಷ್ಣ ಜಾಸ್ತಿ, ಕಾಫಿ ಬಿಡಿ, ಲೇಹ ತಿನ್ನಿ. ಕಾಫಿ ಬೆಳೆಯುವ ಊರಿಗೆ ಬಂದು ಕಾಫಿಯ ಮೇಲೆ ತಪ್ಪು ಹೊರಿಸಲು ಎಷ್ಟು ವಿದ್ಯೆ ಬೇಕೋ ಅಷ್ಟು ಅವನಿಗಿತ್ತು. ಅವನನ್ನು ನಂಬಲು ನಮ್ಮ ಗಂಡಸರಿಗೆ ಅಷ್ಟೂ ಬೇಕಾಗಲಿಲ್ಲ.

ವರ್ಷಕ್ಕೊಮ್ಮೆ ಎಸ್ಟೇಟಿಗೆ ನರ್ಸುಗಳು ಬಂದಾಗ ಕೂಲಿ ಲೈನಿನ ಮನೆಗಳ ಆಳುಗಳನ್ನು ಒಬ್ಬೊಬ್ಬರಾಗಿ ಕೂರಿಸಿ ಬಿಪಿ, ಶುಗರ್ ನೋಡಿಸುತ್ತಿದ್ದವರು ನನ್ನ ಗಂಡನೇ. ತಪ್ಪಿಸಿಕೊಂಡವರನ್ನು ಬೈದು ಎಳೆತರುತ್ತಿದ್ದರು. ತಮ್ಮ ತೋಳನ್ನು ಮಾತ್ರ ಒಮ್ಮೆಯೂ ಚಾಚಲಿಲ್ಲ. ಸಕಲೇಶಪುರದ ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಹೋಗೋಣ, ಜೊತೆಗೆ ನಾನೂ ಬರುತ್ತೇನೆ ಎಂದು ಮತ್ತೆ ಮತ್ತೆ ಕೇಳಿಕೊಂಡೆ.

"ಆ ಡಾಕ್ಟ್ರಮ್ಮ ಸಾಹುಕಾರ್ರ ಮನೆಗೂ ಬರ್ತಾರೆ ಕಣೆ. ತೋಟಕ್ಕೆಲ್ಲ ಗೊತ್ತಾಗ್ಬುಡ್ತದೆ."

ತೋಟಕ್ಕೆ ಆಗಲೇ ಗೊತ್ತಿತ್ತು. ಮದುವೆ ಮನೆಯಲ್ಲಿ ನಲವತ್ತು ದಾಟಿದ ಗಂಡಸು ಕಾಫಿ ಬೇಡವೆಂದರೆ ಸಾಕು, ಉಳಿದವರು ಲಾಡ್ಜ್ ಗಿರಾಕಿ ಎಂದು ಕಣ್ಣು ಮಿಟುಕಿಸುತ್ತಿದ್ದರು. ಹಾಗೆ ನಕ್ಕವರಲ್ಲಿ ಅರ್ಧ ಜನ ಮುಂದಿನ ತಿಂಗಳು ಅದೇ ಲಾಡ್ಜಿನ ಮೆಟ್ಟಿಲು ಹತ್ತುತ್ತಿದ್ದರು. ಈ ಮರ್ಯಾದೆಗೆ ಹೆದರಿ ನನ್ನ ಗಂಡ ಎರಡು ವರ್ಷ ಲೇಹ ತಿಂದರು.

ಹೋದ ಮಾಗಿಯಲ್ಲಿ, ಹಣ್ಣು ಕುಯ್ಯುವ ಕಾಲದಲ್ಲಿ, ಕಣದಲ್ಲೇ ಎದೆ ಹಿಡಿದು ಕೂತರು. ಜೀಪು ಸಕಲೇಶಪುರ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೊದಲು ಏನಾದರೂ ತೊಂದರೆ ಇತ್ತೇ ಎಂದು ಡಾಕ್ಟರಮ್ಮ ಕೇಳಿದಾಗ ಎಲ್ಲ ಹೇಳಿದೆ. ಸಕ್ಕರೆ ಕಾಯಿಲೆಯಾಗಲಿ, ರಕ್ತನಾಳ ಕಟ್ಟುವುದಾಗಲಿ, ಎಷ್ಟೋ ಸಲ ಮೊದಲು ನಿಮಿರದಿರುವುದರಲ್ಲೇ ತೋರಿಸಿಕೊಳ್ಳುತ್ತದಂತೆ. ಬಂದಿದ್ದರೆ ಎದೆಯನ್ನೂ ಪರೀಕ್ಷೆ ಮಾಡುತ್ತಿದ್ದರಂತೆ. ಆ ತೊಂದರೆಗೂ ಮಾತ್ರೆ ಇತ್ತಂತೆ. ಆಕೆ ಅದನ್ನು ನೆಗಡಿಯ ಬಗ್ಗೆ ಹೇಳುವಷ್ಟು ಸಲೀಸಾಗಿ ಹೇಳಿದರು.

ಹನ್ನೊಂದನೇ ದಿನದ ತಿಥಿಗೆ ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದೆ. ನನ್ನ ಮೈದುನ ಲೋಟ ಮುಟ್ಟಲಿಲ್ಲ.

"ಬ್ಯಾಡ ಅತ್ಗೆ. ಉಷ್ಣ ಆಯ್ತದೆ."

ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಜನ ಊಟಕ್ಕೆ ಎದ್ದ ಮೇಲೆ ಅವನು ಅಡುಗೆಮನೆಗೆ ಬಂದು, ಅಣ್ಣನ ಡಬ್ಬಿ ಇನ್ನೂ ಇದೆಯೇ ಎಂದು ನೆಲ ನೋಡುತ್ತಾ ಕೇಳಿದ. ಅಣ್ಣನ ಫೋಟೋಗೆ ಹಾಕಿದ ಹಾರ ಇನ್ನೂ ಬಾಡಿರಲಿಲ್ಲ.

"ಐತೆ. ಅರ್ಧ ಐತೆ. ಪೂರ್ತಿ ತಿನ್ನೋಕೆ ನಿಮ್ಮಣ್ಣ ಉಳೀಲಿಲ್ಲ," ಎಂದೆ.

ಅವನು ಬಾಗಿಲಲ್ಲೇ ನಿಂತ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಆಮೇಲೆ ಬೀರುವಿನಿಂದ ಡಬ್ಬಿಯನ್ನು ತೆಗೆದು ಹಿತ್ತಲಿನ ಗೊಬ್ಬರದ ಗುಂಡಿಗೆ ಎಸೆದು ಬಂದು, ಆರಿದ ಕಾಫಿಯನ್ನೇ ಅವನ ಕೈಗೆ ಕೊಟ್ಟೆ. ಸೋಮವಾರ ಆಸ್ಪತ್ರೆಗೆ ಹೋಗು, ಬಸ್ಸಿಗೆ ನಾನೂ ಬರುತ್ತೇನೆ ಎಂದೆ. ಕುಡಿದ.

ಸೋಮವಾರ ನರ್ಸು ಬಿಪಿ ಪಟ್ಟಿ ಸುತ್ತುವಾಗ ಅವನು ಗೋಡೆ ನೋಡುತ್ತಾ ತೋಳು ಚಾಚಿದ. ಅಣ್ಣನದೇ ತೋಳು, ಮೊಣಕೈ ಹತ್ತಿರ ಅದೇ ಮಚ್ಚೆ. ಎರಡು ವರ್ಷ ಅಂಗಲಾಚಿದರೂ ನನಗೆ ನೋಡಲು ಸಿಗದಿದ್ದದ್ದು ಇಷ್ಟೇ, ಒಂದು ತೋಳು ಚಾಚುವುದು.