ಅಂಗಾರಿಯ ಏಕಾದಶಿ

ಮಧ್ವರಾಜರು ಎಲೆ ನೋಡಿ ಮನುಷ್ಯನ ಕಥೆ ಹೇಳುವವರು. ವೇಲಚೇರಿಯ ಸಸ್ಯಾಹಾರಿ ಹೋಟೆಲೊಂದರಲ್ಲಿ ಸೂಪರ್‌ವೈಸರ್ ಆಗಿ ತಲೆ ನರೆಸಿಕೊಂಡವರಿಗೆ, ಉಂಡು ಎದ್ದವರ ಎಲೆ ಕಂಡರೆ ಸಾಕು, ಸಾರಿಗೆ ಉಪ್ಪು ಹೆಚ್ಚಾಗಿದೆಯೋ ಉಂಡವನಿಗೆ ಮನೆಯಲ್ಲಿ ಜಗಳವಾಗಿದೆಯೋ ಗೊತ್ತಾಗಿಬಿಡುತ್ತದೆ. ಅನ್ನ ಬಿಟ್ಟು ಎದ್ದವರನ್ನು ಕೈ ತೊಳೆಯುವ ಜಾಗದವರೆಗೂ ಹಿಂಬಾಲಿಸಿ "ಏನ್ ಸಾರ್, ಪಿಡಿಕಲೆಯಾ?" ಎಂದು, ಅಂದರೆ ಹಿಡಿಸಲಿಲ್ಲವೇ ಎಂದು, ತಮಿಳಿನಲ್ಲಿ ವಿಚಾರಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಇಂಥವರ ಮನೆಯೊಳಗೇ ಒಂದು ಜೀವ ದಿನಗಟ್ಟಲೆ ಉಪವಾಸ ಬಿದ್ದಿತ್ತು, ಅವರು ಅದನ್ನು ಭಕ್ತಿ ಎಂದುಕೊಂಡಿದ್ದರು.

ಆ ಜೀವದ ಹೆಸರು ಅಂಗಾರಿ. ಹದಿನೈದು ವರ್ಷದ ಬಿಳಿ ಬೆಕ್ಕು. ಮಗಳು ನಿಖಿತಾ ಶಾಲೆಗೆ ಹೋಗುವಾಗ ರೈಲ್ವೆ ಸ್ಟೇಷನ್ನಿನ ಮೆಟ್ಟಿಲ ಬುಡದಿಂದ ಎತ್ತಿಕೊಂಡು ಬಂದದ್ದು. ಮರಿಯ ಹಣೆಯ ಮೇಲೆ ಉದ್ದಕ್ಕೆ ಒಂದು ಕಪ್ಪು ಗೆರೆ, ಥೇಟ್ ಮಾಧ್ವರು ಹಣೆಗೆ ಎಳೆದುಕೊಳ್ಳುವ ಅಂಗಾರದ ಹಾಗೆ. "ಅಪ್ಪಾ, ಇದು ನಮ್ಮ ಆಳು!" ಎಂದು ಹುಡುಗಿ ಕುಣಿದಿದ್ದಳು. ಬೆಕ್ಕು ಬೇಡವೆಂದು ಬಾಯಿ ತೆರೆದಿದ್ದ ಮಧ್ವರಾಜರು ಆ ಹಣೆ ನೋಡಿ ಬಾಯಿ ಮುಚ್ಚಿಕೊಂಡರು. ನಿಖಿತಾ ಮದುವೆಯಾಗಿ ಶೋಳಿಂಗನಲ್ಲೂರಿಗೆ ಹೋದಳು, ಬೆಕ್ಕು ಅಪ್ಪನ ಪಾಲಿಗೆ ಉಳಿಯಿತು.

ಮನೆಯಲ್ಲಿ ಅದಕ್ಕೆ ಮೊಸರನ್ನ. ಏಕಾದಶಿಯ ದಿನ ಒಲೆ ಹಚ್ಚುವುದಿಲ್ಲ, ಮಧ್ವರಾಜರ ಬಾಯಿಗೆ ತೊಟ್ಟು ನೀರೂ ಇಲ್ಲ. ಅಂದು ಬೆಕ್ಕೂ ಅನ್ನಕ್ಕಾಗಿ ಅಂಗಲಾಚುತ್ತಿರಲಿಲ್ಲ. ಆಗಾಗ ಹೊರಗೆ ಸುತ್ತಾಡಿ ಬಂದು ದೇವರ ಮನೆಯ ಹೊಸ್ತಿಲಲ್ಲಿ ಮುದುಡಿ ಮಲಗುತ್ತಿತ್ತು. "ನಮ್ಮ ಅಂಗಾರಿ ನಿರಾಹಾರ ಏಕಾದಶಿ ಮಾಡ್ತದೆ" ಎಂದು ಅವರು ಮಠದಲ್ಲಿ ಹೇಳಿದ್ದರು, ಹೋಟೆಲಿನಲ್ಲಿ ಹೇಳಿದ್ದರು, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳಿದ್ದರು. ಆ ಹೆಮ್ಮೆಯೇ ಅವರ ಕಣ್ಣು ಕಟ್ಟಿತು.

ಈ ಸಲ ದಶಮಿ ಶನಿವಾರ ಬಂದಿತ್ತು. ಮಧ್ಯಾಹ್ನ ಬೆಕ್ಕು ಮೊಸರನ್ನವನ್ನು ಮೂಸಿ ಹೊರಳಿ ಹೋಯಿತು. "ನೋಡಿದ್ಯಾ ವಿನೋದಾ, ಇವತ್ತಿಂದಲೇ ಶುರು ಮಾಡಿದೆ!" ಎಂದು ಹೆಂಡತಿಗೆ ಹೇಳಿ ನಕ್ಕರು. ಭಾನುವಾರ ಏಕಾದಶಿ, ಯಾರೂ ತಟ್ಟೆ ಇಡಲಿಲ್ಲ. ಸೋಮವಾರ ಬೆಳಿಗ್ಗೆ ಪಾರಣೆಗೆ ಕೂತು ಎಂದಿನಂತೆ ಮೊದಲ ತುತ್ತು ಕಲಸಿ ಕರೆದರು. ಬರಲಿಲ್ಲ. ಮತ್ತೊಮ್ಮೆ ಕರೆದರು. ವಾಷಿಂಗ್ ಮಷೀನಿನ ಹಿಂದೆ ಹುಡುಕಿದ ವಿನೋದಾ "ಇವ್ರೇ, ಸ್ವಲ್ಪ ಬನ್ನಿ" ಎಂದ ದನಿಗೇ ಅವರು ಎಲೆ ಬಿಟ್ಟು ಎದ್ದರು.

ಎತ್ತಿಕೊಂಡರೆ ಕೈಗೆ ಬರಿಯ ಎಲುಬು ಸಿಕ್ಕಿತು. ಗಲ್ಲದ ಕೆಳಗೆ ಜೊಲ್ಲು ಸುರಿದು ಕೂದಲು ಅಂಟಿಕೊಂಡಿತ್ತು. ಅವರನ್ನು ಕಂಡು ಬಾಯಿ ತೆರೆಯಿತು, ಸದ್ದು ಹೊರಡಲಿಲ್ಲ. ಮಧ್ವರಾಜರು ಕೈ ತೊಳೆಯುವುದನ್ನೂ ಮರೆತು, ತರಕಾರಿ ಬುಟ್ಟಿಗೆ ಟವೆಲ್ ಹಾಸಿ, ಅದರಲ್ಲಿ ಬೆಕ್ಕನ್ನಿಟ್ಟುಕೊಂಡು ಆಟೋ ಹತ್ತಿದರು.

ಪ್ರಾಣಿವೈದ್ಯೆ ಡಾಕ್ಟರ್ ಜಯಲಕ್ಷ್ಮೀ ಬೆಕ್ಕಿನ ಕಣ್ಣು, ಒಸಡು, ಹೊಟ್ಟೆ ನೋಡಿ ಕೇಳಿದ ಮೊದಲ ಪ್ರಶ್ನೆ: "ಎತ್ತನೆ ನಾಳಾ ಸಾಪ್ಪಿಡಲೆ?" ಎಷ್ಟು ದಿನದಿಂದ ತಿಂದಿಲ್ಲ? ಸಾವಿರ ಜನರ ಎಲೆ ಲೆಕ್ಕವಿಟ್ಟ ಮಧ್ವರಾಜರು ಬೆರಳು ಮಡಿಸಿ ಎಣಿಸಿದರು. "ಎರಡು ದಿನ... ನಡುವೆ ಏಕಾದಶಿ ಬಂತು ಡಾಕ್ಟರ್" ಎಂದು ತಡವರಿಸಿದರು.

ಆಕೆ ನಗಲಿಲ್ಲ, ಬೈಯಲೂ ಇಲ್ಲ. ಮನುಷ್ಯನ ಉಪವಾಸ ಬೇರೆ, ಬೆಕ್ಕಿನದು ಬೇರೆ ಎಂದು ಬಿಡಿಸಿ ಹೇಳಿದರು. ಮೂರು ನಾಲ್ಕು ದಿನ ಹೊಟ್ಟೆಗೆ ಬೀಳದಿದ್ದರೆ ಬೆಕ್ಕಿನ ಲಿವರ್ ಕೆಡತೊಡಗುತ್ತದೆ, ಈ ವಯಸ್ಸಿಗೆ ಕಿಡ್ನಿಯೂ ಸೋತಿರಬೇಕು. ರಕ್ತ ತೆಗೆದರು, ಡ್ರಿಪ್ ಹಾಕಿದರು, ವಾಕರಿಕೆ ನಿಲ್ಲಲು ಇಂಜೆಕ್ಷನ್ ಕೊಟ್ಟರು. ಸಂಜೆ ಆರರೊಳಗೆ ತಾನಾಗಿ ತಿಂದರೆ ಸರಿ, ಇಲ್ಲದಿದ್ದರೆ ಟ್ಯೂಬ್ ಹಾಕಬೇಕು, ಅದನ್ನು ಇದರ ಮೈ ತಡೆಯುತ್ತದೆಂದು ಹೇಳಲಾರೆ ಎಂದರು. ಕೊನೆಗೆ, ಏನು ತಿನ್ನಿಸುತ್ತೀರಿ ಎಂದು ಕೇಳಿದರು.

"ಮೊಸರನ್ನ."

"ಹದಿನೈದು ವರ್ಷವೂ? ಸಾಧ್ಯವಿಲ್ಲ ಸಾರ್. ಇದು ಬೇರೆಲ್ಲೋ ತಿನ್ನುತ್ತಿತ್ತು."

ಬೇರೆ ದಿನವಾಗಿದ್ದರೆ ಮಧ್ವರಾಜರು ಈ ಮಾತಿಗೆ ಜಗಳಕ್ಕೇ ನಿಲ್ಲುತ್ತಿದ್ದರು. ಅಂದು ಬುಟ್ಟಿ ತಬ್ಬಿಕೊಂಡು ಸುಮ್ಮನೆ ಹೊರಬಂದರು. ಆಟೋದಲ್ಲಿ ಗಳಿಗೆಗೊಮ್ಮೆ ಟವೆಲ್ ಸರಿಸಿ ಉಸಿರಾಡುತ್ತಿದೆಯೇ ಎಂದು ನೋಡಿಕೊಂಡರು.

ಮನೆ ಮುಟ್ಟಿದಾಗ ಮೆಟ್ಟಿಲ ಬುಡದಲ್ಲಿ ಕೆಳಗಿನ ಮನೆಯ ಸಣ್ಣಮ್ಮ ನಿಂತಿದ್ದಳು. ಹೊಸೂರು ಕಡೆಯವಳು, ರೈಲ್ವೆಯಲ್ಲಿದ್ದ ಗಂಡ ಹೋದಮೇಲೆ ಒಬ್ಬಳೇ ಇರುವವಳು. ಬುಟ್ಟಿಯೊಳಗೆ ಇಣುಕಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಯ್ಯೋ ಪಾವಂ! ಸಾಮೀ, ಕ್ವಾಪ ಮಾಡ್ಕಬೇಡಿ, ಒಂದು ಮಾತು ಹೇಳ್ತೀನಿ. ಇದು ದಿನಾ ಮಧ್ಯಾಹ್ನ ನಮ್ಮನೇಗೆ ಬರ್ತಿತ್ತು. ನೆತ್ತಿಲಿ ಮೀನು ಬೇಯ್ಸಿ ಹಾಕ್ತಿದ್ದೆ. ನಿಮ್ಮನೇಲಿ ಒಗ್ಗರಣೆ ವಾಸ್ನೆ ಬರದಿದ್ ದಿನ ಮೂರು ಸಲ ಬರೋದು."

ಮಧ್ವರಾಜರು ಮೆಟ್ಟಿಲ ಕಂಬಿ ಹಿಡಿದುಕೊಂಡರು. ಒಗ್ಗರಣೆಯ ವಾಸನೆಯಿಲ್ಲದ ದಿನವೆಂದರೆ ಏಕಾದಶಿ. ಅವರು ಊರೆಲ್ಲ ಸಾರಿದ ವ್ರತದ ದಿನ ಅಂಗಾರಿ ಮೂರು ಹೊತ್ತು ಮೀನು ಹೊಡೆದು ಬಂದು ದೇವರ ಹೊಸ್ತಿಲಲ್ಲಿ ತೂಕಡಿಸುತ್ತಿತ್ತು. ಆದರೆ ನಾಚಿಕೆಪಡುವುದಕ್ಕೆ ಅವರಿಗೆ ಪುರುಸೊತ್ತು ಸಿಗಲಿಲ್ಲ, ಏಕೆಂದರೆ ಸಣ್ಣಮ್ಮ ಮಾತು ಮುಂದುವರಿಸಿದಳು.

"ಗುರುವಾರದಿಂದ ಬಂದಿಲ್ಲ ಸಾಮೀ. ನಿಮಗೆ ತಿಳಿದು ಕಟ್ಟಾಕಿದ್ದೀರಿ ಅಂತ ಹೆದ್ರಿ ಕೇಳ್ನಿಲ್ಲ."

ಗುರುವಾರ. ಬಾಗಿಲಿಗೆ ಬಂದಿದ್ದ ವಿನೋದಾ ಮೇಲಿನಿಂದಲೇ ಅಂದರು: "ಶುಕ್ರವಾರ ಮೊಸರು ಮಾತ್ರ ನೆಕ್ಕಿತ್ತು. ಸೆಕೆಗೆ ಅಂದ್ಕೊಂಡೆ." ಎರಡು ದಿನವಲ್ಲ, ಇವತ್ತಿಗೆ ಐದನೆಯ ದಿನ. ಮೂರು ಜನ ನೋಡಿಕೊಳ್ಳುತ್ತಿದ್ದ ಬೆಕ್ಕು, ಒಬ್ಬರು ಕಟ್ಟಿಹಾಕಿದ್ದಾರೆಂದು, ಒಬ್ಬರು ಸೆಕೆಯೆಂದು, ಒಬ್ಬರು ವ್ರತವೆಂದು ಸುಮ್ಮನಿದ್ದುದರಿಂದ ಅಷ್ಟೂ ದಿನ ಹಸಿದು ಬಿದ್ದಿತ್ತು. ಮಧ್ವರಾಜರು ಡಾಕ್ಟರಿಗೆ ಫೋನ್ ಮಾಡಿ, ಐದು ದಿನವಾಯಿತು, ಮೀನು ತಿನ್ನುತ್ತಿತ್ತಂತೆ ಎಂದರು. "ಮೀನು ಬೇಯಿಸಿದ ನೀರಾದರೂ ನೆಕ್ಕಿಸಿ, ಉಪ್ಪು ಖಾರ ಬೇಡ. ಆರಕ್ಕೆ ಬಂದುಬಿಡಿ" ಎಂದಷ್ಟೇ ಆಕೆ ಹೇಳಿದರು.

ಸಾಲಿಗ್ರಾಮವಿರುವ ಮನೆಗೆ ಮೀನು ತರುವಂತಿಲ್ಲ. ಮಧ್ವರಾಜರು ಹೆಂಡತಿಯ ಮುಖ ನೋಡಿದರು. "ನನ್ನನ್ನೆಂತ ಕೇಳುದು? ಕೆಳಗೆ ಕರ್ಕೊಂಡು ಹೋಗಿ ಬೇಗ" ಎಂದರು ವಿನೋದಾ. ಮಧ್ವರಾಜರು ಇಷ್ಟು ವರ್ಷ ತಾವು ದಾಟದ ಸಣ್ಣಮ್ಮನ ಹೊಸ್ತಿಲನ್ನು ಬುಟ್ಟಿಯ ಸಮೇತ ದಾಟಿ ಅಡುಗೆಮನೆಯ ನೆಲದ ಮೇಲೆ ಕುಳಿತರು. ಅವಳು ಮೀನು ಬೇಯಿಸಿ, ಮುಳ್ಳು ತೆಗೆದು, ಗಂಜಿಯಂತೆ ಕಿವುಚಿದಳು. ಆ ವಾಸನೆಗೆ ಅವರು ಪಂಚೆಯ ತುದಿಯನ್ನು ಮೂಗಿಗೆ ಒತ್ತಿಕೊಂಡರು. ಏಳಲಿಲ್ಲ. ಸಣ್ಣಮ್ಮ ಬೆರಳಿಗೆ ಹಚ್ಚಿ ಮೂಗಿನ ಹತ್ತಿರ ಹಿಡಿದಳು. ಅಂಗಾರಿ ಮಧ್ವರಾಜರನ್ನೊಮ್ಮೆ ನೋಡಿ ಮುಖ ತಿರುಗಿಸಿತು. ಇನ್ನೊಮ್ಮೆ ಹಿಡಿದಳು. ಮತ್ತೆ ಅವರನ್ನು ನೋಡಿತು, ಮತ್ತೆ ತಿರುಗಿಸಿತು. ಗಡಿಯಾರ ನಾಲ್ಕು ದಾಟಿತು, ಐದಕ್ಕೆ ಹತ್ತಿರವಾಯಿತು.

"ಸಣ್ಣಮ್ಮಾ, ಅದು ನನ್ನೆದುರಿಗೆ ತಿನ್ನುದಿಲ್ಲ" ಎಂದರು ಮಧ್ವರಾಜರು. "ನಾನು ಹೊರಗೆ ಹೋಗ್ತೇನೆ. ನಂಗೆ ಗೊತ್ತಿಲ್ಲ ಅಂತ ಹೇಳು ಅದಕ್ಕೆ."

ಹೊರಗೆ ಸ್ಕೂಟರ್‌ಗಳ ನಡುವೆ ಬೆನ್ನು ಹಾಕಿ ನಿಂತರು. ಬೆಕ್ಕಿಗೆ ನಾಚಿಕೆಯೂ ಇಲ್ಲ, ಏಕಾದಶಿಯೂ ಇಲ್ಲ ಎಂದು ಅವರ ಬುದ್ಧಿಗೆ ಈಗ ಗೊತ್ತಿತ್ತು. ಆದರೆ ಹೆದರಿದ ಮನುಷ್ಯ ಬುದ್ಧಿಯ ಮಾತು ಎಲ್ಲಿ ಕೇಳುತ್ತಾನೆ? "ತಿನ್ನು ಮಾರಾಯ್ತಿ, ಏನು ಬೇಕಾದರೂ ತಿನ್ನು" ಎಂದು ಬಾಯೊಳಗೇ ಹೇಳಿಕೊಂಡರು. ಜಪಕ್ಕೆ ಕೂತಾಗಲೂ ಅಷ್ಟು ಏಕಚಿತ್ತ ಅವರಿಗೆ ಬಂದಿರಲಿಲ್ಲ.

ಒಳಗಿನಿಂದ ಸಣ್ಣಮ್ಮನ ಕೂಗು ಕೇಳುವಾಗ ಐದೂಕಾಲು. "ಸಾಮೀ, ನೆಕ್ತು! ಬೆರಳು ಪೂರಾ ನೆಕ್ತು!"

ಆರಕ್ಕೆ ನೋಡಿದ ಡಾಕ್ಟರ್, ಇದು ಇಂಜೆಕ್ಷನ್ನಿನ ಗುಣ ಎಂದರು. ಟ್ಯೂಬ್ ತಪ್ಪಿತು, ಕಾಯಿಲೆ ಹೋಗಲಿಲ್ಲ. ಕಿಡ್ನಿ ಅರ್ಧ ಸೋತಿದೆ, ತಿಂದ ದಿನವೇ ದಿನ, ಒಂದು ದಿನವೂ ತಪ್ಪುವ ಹಾಗಿಲ್ಲ.

ಈಗಲೂ ಏಕಾದಶಿಯಂದು ಮಧ್ವರಾಜರದು ನಿರಾಹಾರವೇ. ಮೂರು ಹೊತ್ತು ಅಂಗಾರಿಯನ್ನು ಎತ್ತಿಕೊಂಡು ಇಳಿದು ಸಣ್ಣಮ್ಮನ ಬಾಗಿಲೊಳಗೆ ಬಿಟ್ಟು, ಬೆನ್ನು ತಿರುಗಿಸಿ ನಿಲ್ಲುತ್ತಾರೆ. "ತಿಂತಾ?" ಎಂದು ಕೇಳುತ್ತಾರೆ. ಮೊನ್ನೆಯ ಏಕಾದಶಿಯ ಸಂಜೆ ಒಳಗಿನಿಂದ ಉತ್ತರ ಬರಲಿಲ್ಲ. ಮತ್ತೆ ಕೇಳಿದರು. ಆಗಲೂ ಬರಲಿಲ್ಲ. ಒಣಗಿದ ಬಾಯಲ್ಲಿ, ಕಂಬಿ ಹಿಡಿದುಕೊಂಡು, ಮೂರನೆಯ ಸಲ ಕೇಳಲು ಧೈರ್ಯ ಸಾಲದೆ ನಿಂತಿದ್ದಾಗ ಸಣ್ಣಮ್ಮ ಮೆಲ್ಲಗೆ ಅಂದಳು: "ಇರಿ ಸಾಮೀ, ತಿಂತಾ ಐತೆ."