ಗತ್ಸಿಯ ಪಾಲಿನ ಗುಂಡು

ದಾಂಡೆ ಸೀಮೆಯಲ್ಲಿ ಕಾಡುಕೋಣ ಬಿದ್ದರೆ ಪಾಲು ಹಂಚುವುದಕ್ಕೆ ಒಂದು ಕ್ರಮವಿದೆ. ಹೊಡೆದವನಿಗೆ ಇಷ್ಟು, ಜಾಡು ಹಿಡಿದವನಿಗೆ ಇಷ್ಟು, ಚರ್ಮ ಸುಲಿದವನಿಗೆ ಕತ್ತಿನ ಮಾಂಸ. ಗತ್ಸಿ ಎಂಬವನು ಅಂಗ್ವ ನದಿಯ ದಂಡೆಯ ಬೇಟೆ ಕ್ಯಾಂಪಿನಲ್ಲಿ ಮೂವತ್ತನಾಲ್ಕು ವರ್ಷ ಚರ್ಮ ಸುಲಿದ. ಒಂದು ದಿನವೂ ಕತ್ತಿನ ಮಾಂಸ ಮನೆಗೆ ತರಲಿಲ್ಲ. ಅವನದು ನ್ಯಾತಿ ಬೆಡಗು, ಅಂದರೆ ಕುಲ. ನ್ಯಾತಿ ಎಂದರೆ ಕಾಡುಕೋಣವೇ. ತನ್ನ ಬೆಡಗಿನ ಪ್ರಾಣಿಯನ್ನು ತಿಂದವನ ಹಲ್ಲು ಉದುರುತ್ತದೆಂದು ಇಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಸುಲಿಯಬಹುದು, ಕೊಯ್ಯಬಹುದು, ಬಾಯಿಗೆ ಮಾತ್ರ ಇಡುವಂತಿಲ್ಲ.

ಹಾಗಾದರೆ ಅವನ ಪಾಲು ಯಾವುದು? ಮೊದಲ ವರ್ಷವೇ ಅವನು ಬಾಯಿಬಿಟ್ಟು ಕೇಳಿದ್ದ. "ಮಾಂಸ ನೀವೇ ಇಟ್ಕೊಳ್ಳಿ. ಒಳಗೆ ಸಿಗೋ ಗುಂಡು ನಂಗೆ ಕೊಡಿ, ಸಾಕು." ಕ್ಯಾಂಪಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಟ್ಟೆಗೆ ಬಾರದ ಪಾಲನ್ನು ಕೇಳಿದವನು ಅವನೊಬ್ಬನೇ.

ನಕ್ಕವರಿಗೆ ಗೊತ್ತಿಲ್ಲದ ಮಾತೊಂದಿತ್ತು. ಬೇಟೆಗೆ ದುಡ್ಡು ಕೊಟ್ಟು ಬಂದ ಹೊರದೇಶದವನು ಗುಂಡು ಹಾರಿಸುತ್ತಾನೆ, ಕೋಣದ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾನೆ, ಹೋಗಿ ಬಿಯರ್ ಕುಡಿಯುತ್ತಾನೆ. ಅವನು ನೋಡಿದ್ದು ಹೊರಗಿನ ತೂತು ಮಾತ್ರ. ಒಳಗೆ ಏನಾಯಿತೆಂದು ನೋಡುವವನು ಚೂರಿ ಹಿಡಿದವನು. ಗುಂಡು ಯಾವ ಪಕ್ಕೆಯಿಂದ ಹೊಕ್ಕಿತು, ಯಾವ ಮೂಳೆಗೆ ಬಡಿಯಿತು, ಬಡಿದ ಮೇಲೆ ನೆಟ್ಟಗೆ ಹೋಯಿತೋ ಪಕ್ಕಕ್ಕೆ ತಿರುಗಿತೋ, ಎಲ್ಲಿ ನಿಂತಿತು. ಗತ್ಸಿಗೆ ಅಕ್ಷರ ಬಾರದು. ಆದರೆ ಹಾಲಿನ ಪುಡಿಯ ದೊಡ್ಡ ಡಬ್ಬಿಯಲ್ಲಿ ಅವನು ತುಂಬಿಟ್ಟ ಗುಂಡುಗಳಲ್ಲಿ ಯಾವುದನ್ನು ಎತ್ತಿಕೊಟ್ಟರೂ ಅದರ ಕೋಣ, ಅದರ ಮೂಳೆ, ಆ ವರ್ಷದ ಮಳೆಯ ಸಮೇತ ಹೇಳಿಬಿಡುತ್ತಿದ್ದ.

ಆ ಡಬ್ಬಿಯ ಒಂದೇ ಒಂದು ಗುಂಡು ಬಟ್ಟೆಯಲ್ಲಿ ಸುತ್ತಿಕೊಂಡು ಬೇರೆ ಇತ್ತು. ಅವನ ಜೊತೆಗೇ ಕೆಲಸಕ್ಕೆ ಸೇರಿದ ಸಿಮುಕೈ ಎಂಬ ಜಾಡುಗಾರನನ್ನು ಒಂದು ಮಧ್ಯಾಹ್ನ ಗಾಯಗೊಂಡ ಕೋಣ ತಿವಿದು ಕೊಂದಿತು. ಹೊಡೆದವನ ಗುರಿ ತಪ್ಪಿತೆಂದು ಎಲ್ಲರೂ ಬೈದರು. ಸಂಜೆ ಆ ಕೋಣವನ್ನು ಸುಲಿದವನು ಗತ್ಸಿ. ಗುರಿ ತಪ್ಪಿರಲಿಲ್ಲ. ಗುಂಡು ಬೀಳಬೇಕಾದ ಕಡೆಯೇ ಬಿದ್ದು, ಮುಂಗಾಲಿನ ಮೇಲಿನ ದಪ್ಪ ಮೂಳೆಗೆ ಬಡಿದು, ಅಲ್ಲೇ ಪುಡಿಯಾಗಿತ್ತು. ಒಳಗಿನ ಸೀಸವೆಲ್ಲ ಚದುರಿಹೋಗಿ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಚ್ಚಿಕೊಂಡ ತಾಮ್ರದ ಕವಚವಷ್ಟೇ ಅವನ ಅಂಗೈಗೆ ಸಿಕ್ಕಿತು. ಮೂಳೆಯ ಹಿಂದೆ ನಾಲ್ಕು ಬೆರಳು ದೂರದಲ್ಲಿ ಹೃದಯ ಒಂದು ಗೀರೂ ಇಲ್ಲದೆ ಇತ್ತು. ಗತ್ಸಿ ಚೂರಿ ಕೆಳಗಿಟ್ಟು ಅತ್ತ. ಆಮೇಲಿಂದ ಅವನು ಗುಂಡು ಕೂಡಿಟ್ಟದ್ದು ಗೀಳಿಗಲ್ಲ, ಯಾವ ಗುಂಡು ಮೂಳೆ ದಾಟುತ್ತದೆಂದು ತಿಳಿಯಲಿಕ್ಕೆ.

ಅವನಿಗೂ ಅವನ ಹೆಂಡತಿ ಎಸ್ನಾತಳಿಗೂ ಒಬ್ಬಳೇ ಮಗಳು, ನೆತ್ಸಾಯಿ. ಬೇರೆ ಮಕ್ಕಳು ನೆಲದಲ್ಲಿ ಗುಳಿ ತೋಡಿ ಕಾಳು ಹಾಕಿ ಆಡಿದರೆ ಇವಳು ಅಪ್ಪನ ಡಬ್ಬಿಯ ಗುಂಡು ಹಾಕಿ ಆಡಿದಳು. ಬೆಳೆದವಳು ಊರಿನ ವನ್ಯಪ್ರಾಣಿ ಸಮಿತಿಯಲ್ಲಿ ಕಾವಲಿನ ಕೆಲಸಕ್ಕೆ ಸೇರಿ, ಪರೀಕ್ಷೆ ಕಟ್ಟಿ, ದೊಡ್ಡ ರೈಫಲ್ ಹಿಡಿಯುವ ಅಪ್ಪಣೆ ಪಡೆದಳು. ಆನೆ ಹೊಲಕ್ಕೆ ನುಗ್ಗಿದರೂ ಕೋಣ ಊರಿಗೆ ಬಂದರೂ ಎದುರು ನಿಲ್ಲಬೇಕಾದವಳು ಅವಳೇ. ಎಸ್ನಾತಳಿಗೆ ಇದು ಒಂಚೂರೂ ಇಷ್ಟವಿರಲಿಲ್ಲ. ಗತ್ಸಿಗೆ ಹೆದರಿಕೆಯೂ ಇತ್ತು, ಹೆಮ್ಮೆಯೂ ಇತ್ತು. ಎರಡನ್ನೂ ಹೇಳದೆ ಜೋಳದ ಹಿಟ್ಟಿನ ಸಾದ್ಜಾ ಮುದ್ದೆ ಮುರಿದು ತಿನ್ನುತ್ತಿದ್ದ.

ಆ ವರ್ಷ ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಒಂಟಿ ಮುದಿ ಕೋಣವೊಂದು ನದಿಯ ಜೊಂಡಿನಲ್ಲಿ ಬಿಡಾರ ಹೂಡಿತು. ಯಾವನೋ ಕಳ್ಳಬೇಟೆಗೆ ಕಟ್ಟಿದ ತಂತಿಯ ಉರುಳು ಅದರ ಹಿಂಗಾಲನ್ನು ಮೂಳೆಯವರೆಗೆ ಕೊಯ್ದಿತ್ತು. ನೋವಿಗೆ ಅದು ಹುಚ್ಚಾಗಿತ್ತು. ಬಲೆ ಹಾಕಲು ಹೋದ ಮೀನುಗಾರನ ತೊಡೆ ಮುರಿಯಿತು. ಮೂರು ದಿನ ಹೆಂಗಸರು ನೀರಿಗೆ ಇಳಿಯಲಿಲ್ಲ. ನಾಲ್ಕನೆಯ ದಿನ ಮೇಲಿನಿಂದ ಅಪ್ಪಣೆ ಬಂತು: ನೆತ್ಸಾಯಿ ಹೊಡೆಯಬೇಕು.

ಸಮಿತಿಯ ಅಧ್ಯಕ್ಷ ಕಪೇಸ. ಬಾಯಿ ಒಂದು ಗಳಿಗೆ ಸುಮ್ಮನಿರದ ಮನುಷ್ಯ. ಗತ್ಸಿಗೆ ಅವನು ಸಹ್ವಿರ, ಅಂದರೆ ಮದುವೆಯಲ್ಲೂ ಸಾವಿನಲ್ಲೂ ಏನು ಬೇಕಾದರೂ ಅಂದು ಹಂಗಿಸುವ ಹಕ್ಕಿರುವ ಗೆಳೆಯ. ನಲವತ್ತು ವರ್ಷದಿಂದ ಆ ಹಕ್ಕನ್ನು ಅವನು ಒಂದು ದಿನವೂ ಬಿಟ್ಟುಕೊಟ್ಟಿರಲಿಲ್ಲ. ಆ ಬೆಳಿಗ್ಗೆ ಹುಣಸೆ ಮರದ ಕೆಳಗೆ ಸಮಿತಿ ಸೇರಿದಾಗ ಕಪೇಸ ಒಂದು ಹೊಸ ಪೆಟ್ಟಿಗೆ ಬಿಚ್ಚಿದ. ಯಾವನೋ ಬೇಟೆಗಾರ ಹೋಗುವಾಗ ಸಮಿತಿಗೆ ಬಿಟ್ಟುಹೋದ ಗುಂಡುಗಳು. ಮೊನೆಗೆ ಕೆಂಪು ಪ್ಲಾಸ್ಟಿಕ್, ಮೈಯೆಲ್ಲ ಫಳಫಳ.

"ಕಾಗದದ ಮೇಲೆ ಐದು ಹೊಡೆದ್ರೆ ಐದೂ ಒಂದು ನಾಣ್ಯದೊಳಗೆ ಬೀಳುತ್ತೆ," ಅಂದ ಕಪೇಸ. "ಹೋದ ತಿಂಗಳು ಇದ್ರಲ್ಲೇ ಒಂದು ಇಂಪಾಲ ಜಿಂಕೆ ಹೊಡೆದೆ. ನಿಂತಲ್ಲೇ ಬಿತ್ತು, ಕಾಲು ಸಹ ಒದೀಲಿಲ್ಲ. ಮಗೂ ನೆತ್ಸಾಯಿ, ತಗೋ."

ಗತ್ಸಿ ಒಂದು ಗುಂಡು ತೆಗೆದುಕೊಂಡು ಉಗುರಿನಿಂದ ತಟ್ಟಿದ. "ಜಿಂಕೆಗೆ ಚೆನ್ನಾಗಿದೆ. ಗುಂಡಿಂದೇನೂ ತಪ್ಪಿಲ್ಲ. ಕೋಣದ ಮೂಳೆಗೆ ಇದು ಆಗಲ್ಲ."

"ಬಂತಪ್ಪ ಬಂತು. ಕೋಣದ ಒಂದು ಚೂರು ಮಾಂಸ ತಿಂದವನಲ್ಲ, ಕೋಣದ ವಿಷಯ ಹೇಳೋಕೆ ಬಂದ."

"ತಿಂದೋನಿಗೆ ರುಚಿ ಗೊತ್ತು. ಸುಲಿದೋನಿಗೆ ಮೂಳೆ ಗೊತ್ತು. ನೀನು ಅಷ್ಟು ತಿಂದೂ ಬಾಯಲ್ಲಿ ಎಷ್ಟು ಹಲ್ಲಿದೆ, ಎಣಿಸು ನೋಡೋಣ."

ಮರದ ಕೆಳಗಿದ್ದವರೆಲ್ಲ ನಕ್ಕರು. ಅರವತ್ತೆಂಟರ ಗತ್ಸಿಗೆ ಎಲ್ಲ ಹಲ್ಲೂ ಗಟ್ಟಿಯಾಗಿದ್ದವು. ಕಪೇಸನ ಬಾಯಿ ಅರ್ಧ ಖಾಲಿ.

ಗತ್ಸಿ ನಗಲಿಲ್ಲ. ಡಬ್ಬಿಯನ್ನು ಚಾಪೆಯ ಮೇಲೆ ಸುರಿದ. ಒಂದೊಂದನ್ನೇ ಎತ್ತಿ ತೋರಿಸಿದ. ಇದು ಪಕ್ಕೆಲುಬು ದಾಟಿ ಅಣಬೆಯ ಹಾಗೆ ಅರಳಿದ್ದು. ಇದು ಹೆಗಲಿಗೆ ಬಡಿದು ಅರ್ಧ ಸೀಸ ಕಳೆದುಕೊಂಡದ್ದು. ಇದು ಗಟ್ಟಿ ಗುಂಡು, ಇಡೀ ಒಂದೇ ಲೋಹದ್ದು. ಹೆಗಲು ಮುರಿದು, ಹೃದಯ ದಾಟಿ, ಆಚೆ ಚರ್ಮದ ಕೆಳಗೆ ಹೋಗಿ ನಿಂತದ್ದು, ಮೂತಿ ಕೂಡ ಸೊಟ್ಟಗಾಗದೆ. ಕೊನೆಗೆ ಬಟ್ಟೆ ಬಿಚ್ಚಿ ಸಿಮುಕೈಯನ್ನು ಕೊಂದ ಆ ಖಾಲಿ ಕವಚವನ್ನು ಮಗಳ ಮುಂದಿಟ್ಟ.

"ಜೊಂಡಲ್ಲಿ ಕೋಣ ನಿಂಗೆ ಪಕ್ಕೆ ಕೊಟ್ಟು ನಿಲ್ಲಲ್ಲ," ಅಂದ. "ಅದರ ಹೃದಯ ಕೆಳಗಿದೆ, ಮುಂಗಾಲಿನ ಮೂಳೆ ಹಿಂದೆ. ಬಾಗಿಲು ಮುರೀದೆ ಆ ಮನೆಯೊಳಗೆ ಹೋಗೋಕಾಗಲ್ಲ. ಉಗ್ರಾಣದಲ್ಲಿ ಹಳೇ ಗಟ್ಟಿ ಗುಂಡು ಇನ್ನೂ ಇದೆಯಲ್ಲ?"

"ಮೂರೇ ಇರೋದು," ಅಂದ ಕಪೇಸ. "ಆನೆ ಬಂದ್ರೆ ಬೇಕು ಅಂತ ಇಟ್ಟಿದ್ದೀನಿ. ಅದು ಸೂಜಿ ಥರ ಈ ಕಡೆ ಹೊಕ್ಕು ಆ ಕಡೆ ಹೋಗುತ್ತೆ. ಹಿಂದೆ ಇನ್ನೊಂದು ಪ್ರಾಣಿ ಇದ್ರೆ?"

"ಹಿಂಡಲ್ಲಿದ್ರೆ ನಿನ್ನ ಮಾತು ಸರಿ, ನಾನೇ ಬೇಡ ಅಂತಿದ್ದೆ. ಇದು ಒಂಟಿ ಕೋಣ. ಹಿಂದೆ ಇರೋದು ನದಿ ದಡದ ಮಣ್ಣು."

ನೆತ್ಸಾಯಿ ಆ ಕವಚವನ್ನು ಎತ್ತಿ ತಿರುಗಿಸಿ ನೋಡಿದಳು. ಅಪ್ಪನ ಮಾತನ್ನು ಬರೀ ಅಪ್ಪನ ಮಾತೆಂದು ಒಪ್ಪುವವಳಲ್ಲ ಅವಳು. "ಅಪ್ಪ, ಡಬ್ಬೀಲಿರೋದೆಲ್ಲ ಹಳೇ ಗುಂಡು. ಈ ಹೊಸದು ಹೆಂಗೆ ಅಂತ ನಿಂಗೂ ಗೊತ್ತಿಲ್ಲ. ಹೊಡೆದು ನೋಡೋಣ."

ಗತ್ಸಿಯ ಮುಖ ಅರಳಿತು. ಅವನೂ ಅದನ್ನೇ ಹೇಳುವವನಿದ್ದ.

ಬೆಳಗಿನ ಜಾವ ಹಾವು ಕಡಿದು ಪಕ್ಕದ ಮನೆಯವರ ಎತ್ತೊಂದು ಸತ್ತಿತ್ತು. ಅದರ ಮುಂಗಾಲನ್ನು ಹೆಗಲ ಸಮೇತ ಬಿಡಿಸಿ ತಂದರು. ಒಣ ಮೂಳೆಯಾದರೆ ಗತ್ಸಿ ಒಪ್ಪುತ್ತಿರಲಿಲ್ಲ. ಹಸಿ ಮೂಳೆ ಒಡೆಯುವ ರೀತಿಯೇ ಬೇರೆ. ಮೊಪಾನೆ ಮರದ ಕವೆಗೆ ಅದನ್ನು ಬಿಗಿದು ಕಟ್ಟಿ, ಹಿಂದೆ ನದಿಯ ಒದ್ದೆ ಮರಳಿನ ಎರಡು ಚೀಲ ನಿಲ್ಲಿಸಿದರು. ಆ ಹೊತ್ತಿಗೆ ಕೆಲಸ ಬಿಟ್ಟು ಇಡೀ ಊರೇ ಬಂದು ನೆರೆದಿತ್ತು.

"ನನ್ನ ಗುಂಡು ಒಡೆದ್ರೆ," ಅಂದ ಕಪೇಸ, ಎಲ್ಲರಿಗೂ ಕೇಳುವ ಹಾಗೆ, "ಈ ಮುದುಕನ ಮುಂದೆ ಮಂಡಿಯೂರಿ ಅವನ ಬೆಡಗಿನ ಹೊಗಳಿಕೆ ಹಾಡ್ತೀನಿ."

ಈ ಮಾತು ಕೇಳಿ ಜನ ಕಿವಿ ನಿಮಿರಿಸಿದರು. ಸಹ್ವಿರ ಬೈಯುವುದಕ್ಕಿರುವವನು, ಹೊಗಳುವುದಕ್ಕಲ್ಲ.

ನೆತ್ಸಾಯಿ ಮೂವತ್ತು ಹೆಜ್ಜೆ ದೂರದಿಂದ ಕೆಂಪು ಮೊನೆಯದನ್ನು ಹೊಡೆದಳು. ಎತ್ತಿನ ಹೆಗಲು ಕಟ್ಟಿದಲ್ಲೇ ಎಗರಿತು. ಹೊರಗಿನ ಮಾಂಸ ಬಟ್ಟಲಿನಷ್ಟು ಅಗಲ ಚಿಂದಿಯಾಗಿತ್ತು. "ನೋಡಿದ್ರಾ?" ಅಂದ ಕಪೇಸ. ಗತ್ಸಿ ಹೋಗಿ ಚೂರಿಯಿಂದ ಬಿಡಿಸಿ ತೋರಿಸಿದ. ಮೂಳೆ ಸೀಳಿತ್ತು, ಆದರೆ ಗುಂಡು ಅದರಾಚೆ ದಾಟಿರಲಿಲ್ಲ. ಮರಳಿನ ಚೀಲಕ್ಕೆ ತಾಕಿದ್ದು ರಾಗಿಕಾಳಿನಷ್ಟು ಎರಡು ಸೀಸದ ಚೂರು. ಎತ್ತಿನ ಮೂಳೆಯನ್ನೇ ದಾಟದ್ದು ಕೋಣದ ಮೂಳೆಯನ್ನು ದಾಟುವ ಮಾತೆಲ್ಲಿ ಬಂತು? ಬೇರೆ ಕಾಲು ತಂದು ಕಟ್ಟಿದರು.

"ಇರೋ ಮೂರರಲ್ಲಿ ಒಂದನ್ನ ಸತ್ತ ಎತ್ತಿಗೆ ಹಾಳು ಮಾಡ್ತೀಯಾ?" ಕಪೇಸ ಇನ್ನೂ ಸೋಲು ಒಪ್ಪಿರಲಿಲ್ಲ.

"ಸತ್ತ ಎತ್ತಿಗೊಂದು ಹೋದ್ರೆ ಹೋಗ್ಲಿ. ನನ್ನ ಮಗಳು ಕೋಣದ ಮುಂದೆ ನಿಂತು ಪರೀಕ್ಷೆ ಮಾಡೋದು ಬೇಡ."

ಗಟ್ಟಿ ಗುಂಡು ಹಾರಿತು. ಕಾಲು ಅಲುಗಿದ ಹಾಗೂ ಕಾಣಲಿಲ್ಲ. ಕಪೇಸ ಬಾಯಿ ತೆರೆಯುವಷ್ಟರಲ್ಲಿ ಚೀಲದಿಂದ ಮರಳು ಸುರಿಯತೊಡಗಿತು. ಮೂಳೆಯಲ್ಲಿ ಹೆಬ್ಬೆರಳು ತೂರುವ ತೂತು, ಒಂದು ಚೀಲ ದಾಟಿ ಎರಡನೆಯದರ ಹಿಂಭಾಗದಲ್ಲಿ ಗುಂಡು, ಅಂಗಡಿಯಿಂದ ಈಗ ತಂದಂತೆ. ಕಪೇಸನ ಬೆಡಗು ಸೋಕೊ, ಅಂದರೆ ಕೋತಿ; ಅವನ ಮುಖ ಆಗ ಇಂಗು ತಿಂದ ಮಂಗನ ಮುಖವೇ ಆಗಿತ್ತು. ನೆತ್ಸಾಯಿ ಮಾತ್ರ ತೂತನ್ನು ಬೆರಳಲ್ಲಿ ಅಳೆದು, "ಈ ಗುಂಡು ನಾನಿಟ್ಟ ಗುರಿಗಿಂತ ಎರಡು ಬೆರಳು ಕೆಳಗೆ ಬೀಳುತ್ತೆ. ಈಗ ಗೊತ್ತಾಯ್ತಲ್ಲ, ಒಳ್ಳೇದಾಯ್ತು," ಅಂದಳು. ಉಳಿದ ಎರಡನ್ನೂ ರೈಫಲ್ಲಿಗೆ ತುಂಬಿದಳು.

ಹೊರಡುವ ಮೊದಲು ಅವಳು ನದಿಯ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತು, ಅಂಗೈ ಬಟ್ಟಲು ಮಾಡಿ, ಹಿರಿಯರಿಗೆ ವಂದಿಸುವ ಹಾಗೆ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಅವಳೂ ನ್ಯಾತಿಯೇ. ಕೊಲ್ಲಲು ಹೊರಟಿದ್ದು ತನ್ನ ಬೆಡಗನ್ನೇ. "ಅಜ್ಜ, ನಿನ್ನ ಕಾಲು ನೋಯ್ತಿದೆ ಅಂತ ಗೊತ್ತು. ಬೇಗ ಮುಗಿಸ್ತೀನಿ," ಅಂದಳು. ಜೊತೆಯ ಕಾವಲುಗಾರನೊಂದಿಗೆ ಜೊಂಡಿಗೆ ಇಳಿದಳು.

ಗತ್ಸಿಯ ಮೊಣಕಾಲು ಅವನನ್ನು ಜೊಂಡಿಗೆ ಬಿಡುವ ಸ್ಥಿತಿಯಲ್ಲಿರಲಿಲ್ಲ. ಹೊಲದ ಅಂಚಿನಲ್ಲಿ ಎಸ್ನಾತಳ ಪಕ್ಕ ಕೂತ. ಹೊತ್ತು ಸಾಗುತ್ತಲೇ ಇರಲಿಲ್ಲ.

"ನೆತ್ಸಾಯಿ ಅಪ್ಪಾ, ನಿಮ್ಮ ಆ ಡಬ್ಬಿ ಮಾತು ಸುಳ್ಳಾದ್ರೆ ಈ ಜನ್ಮದಲ್ಲಿ ನಿಮಗೆ ಮುದ್ದೆ ಹಾಕಲ್ಲ," ಅಂದಳು ಎಸ್ನಾತ್.

"ಸುಳ್ಳಾದ್ರೆ ಮುದ್ದೆ ಯಾರಿಗೆ ಬೇಕು," ಅಂದ ಗತ್ಸಿ. ಮೂವತ್ತನಾಲ್ಕು ವರ್ಷ ಕೂಡಿಟ್ಟದ್ದೆಲ್ಲ ಈಗ ಮಗಳ ರೈಫಲ್ಲಿನಲ್ಲಿತ್ತು.

ಜೊಂಡು ಒಮ್ಮೆಗೇ ಅಲುಗಿತು. ಯಾರೋ ಕೂಗಿದರು. ಒಂದು ಗುಂಡು ಹಾರಿತು.

ಎರಡನೆಯದು ಹಾರಲಿಲ್ಲ. ಒಂದೇ ಗುಂಡು ಎಂದರೆ ಎರಡು ಅರ್ಥ. ಕೋಣ ಬಿತ್ತು, ಇಲ್ಲವೇ ಎರಡನೆಯದನ್ನು ಹಾರಿಸಲು ಯಾರೂ ಉಳಿಯಲಿಲ್ಲ. ಎಸ್ನಾತ್ ಗಂಡನ ತೋಳನ್ನು ಉಗುರು ಇಳಿಯುವ ಹಾಗೆ ಹಿಡಿದಳು. ಆಮೇಲೆ ಜೊಂಡಿನೊಳಗಿಂದ ಉದ್ದಕ್ಕೆ, ಕೆಳದನಿಯಲ್ಲಿ, ಒಂದು ಕೂಗು ಬಂತು. ಕೋಣ ಪ್ರಾಣ ಬಿಡುವಾಗ ಮಾತ್ರ ಹಾಗೆ ಕೂಗುತ್ತದೆ. ಗತ್ಸಿಗೆ ಆ ದನಿ ಚೆನ್ನಾಗಿ ಗೊತ್ತು. ಅವನು ಕೋಲನ್ನೂ ಮರೆತು ಎದ್ದು ನಡೆದ.

ಕೋಣ ನೆತ್ಸಾಯಿ ನಿಂತ ಜಾಗದಿಂದ ಒಂಬತ್ತು ಹೆಜ್ಜೆ ದೂರದಲ್ಲಿ ಮೂಗು ನೆಲಕ್ಕೂರಿ ಬಿದ್ದಿತ್ತು. ಓಡಿಬರುತ್ತಾ ಅಡ್ಡ ತಿರುಗಿದ ಗಳಿಗೆಯಲ್ಲಿ ಅವಳು ಹೆಗಲಿಗೆ ಹೊಡೆದಿದ್ದಳು. ಅವಳ ಮುಖದಲ್ಲಿ ಕೆಸರು ಬಿಟ್ಟರೆ ಏನೂ ಇರಲಿಲ್ಲ.

"ಅಪ್ಪ, ಬಾಗಿಲು ಮುರೀತು," ಅಂದಳು.

ಕೆಲಸ ಬಿಟ್ಟು ನಾಲ್ಕು ವರ್ಷವಾಗಿದ್ದರೂ ಆ ಕೋಣದ ಮೇಲೆ ಬೇರೆಯವರು ಚೂರಿ ಇಡಲು ಗತ್ಸಿ ಬಿಡಲಿಲ್ಲ. ಊರೆಲ್ಲ ಸುತ್ತ ನಿಂತು ನೋಡಿತು. ಈಚೆ ಹೆಗಲ ಮೂಳೆ ಎರಡು ತುಂಡು. ಹೃದಯದ ಮೇಲ್ಭಾಗದಲ್ಲಿ ಈಚೆಯಿಂದ ಆಚೆಗೆ ತೂತು. ಆಚೆ ಹೆಗಲೂ ಮುರಿದಿತ್ತು. ಇನ್ನು ತನ್ನ ಪಾಲು ಎಂದು ಅವನು ಆಚೆ ಚರ್ಮದ ಕೆಳಗೆ ಮೊಣಕೈವರೆಗೆ ಕೈ ತೂರಿಸಿ ತಡಕಿದ. ಸಿಕ್ಕಲಿಲ್ಲ. ಮತ್ತೆ ತಡಕಿದ. ಅವನ ಬೆರಳು ಚರ್ಮದ ತೂತಿನಿಂದ ಹೊರಗೆ ಬಂತು. ಗುಂಡು ಇಡೀ ಕೋಣವನ್ನೇ ದಾಟಿ ದಡದ ಮಣ್ಣಿಗೆ ಹೋಗಿತ್ತು.

ಮಾತು ಮಾತೇ. ಕಪೇಸ ಕೆಸರಿನಲ್ಲೇ ಮಂಡಿಯೂರಿದ. ಅಂಗೈ ಕೂಡಿಸಿ ತಟ್ಟುತ್ತಾ, ನ್ಯಾತಿಗಳ ಮುತ್ತಜ್ಜನಿಂದ ಶುರುಮಾಡಿ, ಅವರು ದಾಟಿಬಂದ ನದಿಗಳ ಹೆಸರು ಹಿಡಿದು, ಒಂದೂ ಬಿಡದೆ ಹಾಡಿದ. ನಲವತ್ತು ವರ್ಷ ಬೈದ ಬಾಯಿಗೆ ಅಷ್ಟೊಂದು ಹೊಗಳಿಕೆ ಬಾಯಿಪಾಠವಿತ್ತು! ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಎಂದು ಸಂಭ್ರಮದ ಕೂಗು ಹಾಕಿದರು. ಗತ್ಸಿ ಎದ್ದು ನೆಟ್ಟಗೆ ನಿಂತ. ಹಾಗೆ ತಲೆಯೆತ್ತಿ ನಿಂತದ್ದು ಅವನ ಬದುಕಿನಲ್ಲೇ ಮೊದಲು.

ಹಾಡು ಮುಗಿಸಿ ಎದ್ದ ಕಪೇಸ ಮೊಣಕಾಲಿನ ಕೆಸರು ಕೊಡವಿದ. ಸುಮ್ಮನಿರಲು ಅವನಿಂದಾಗುತ್ತದೆಯೇ? "ಅಲ್ವೋ ನ್ಯಾತಿ, ಮಾಂಸ ತಿನ್ನೋ ಹಾಗಿಲ್ಲ. ಗುಂಡೂ ಸಿಗಲಿಲ್ಲ. ಇಷ್ಟು ದೊಡ್ಡ ಕೋಣದಲ್ಲಿ ನಿನ್ನ ಪಾಲು ಏನೂ ಇಲ್ಲವಲ್ಲೋ?"

ನೆತ್ಸಾಯಿ ಆಗ ನದಿಯಲ್ಲಿ ಮುಖ ತೊಳೆದುಕೊಂಡು, ರೈಫಲ್ ಹೆಗಲಿಗೇರಿಸಿ ದಡ ಹತ್ತಿ ಬರುತ್ತಿದ್ದಳು. ಗತ್ಸಿ ರಕ್ತದ ಕೈಯನ್ನು ಎತ್ತಿ ಆ ಕಡೆ ತೋರಿಸಿದ.

"ನನ್ನ ಪಾಲು ಅಲ್ಲಿ ನಡ್ಕೊಂಡು ಬರ್ತಿದೆ, ನೋಡು," ಅಂದ.